ಮೇಳ, ಜಾತ್ರೆ ಮತ್ತು ನಮ್ಮ ಮಾರ್ಕೆಟಿಂಗ್ ಕೆಲಸ

ನಮ್ಮದು ದಾವಣಗೆರೆಯ ಪಿ.ಜೆ. ಬಡಾವಣೆಲಿರೋ ಒಂದು ಚಿಕ್ಕ ಮಾರ್ಕೆಟಿಂಗ್ ಆಫೀಸು. ಕ್ಲೈಂಟ್‌ಗಳು ಅಂದ್ರೆ ಹರಿಹರದ ಕಡೆ ಕೃಷಿ ಯಂತ್ರ ಮಾಡೋರು, ಚಳ್ಳಕೆರೆ ಕಡೆ ಎಣ್ಣೆ ಮಿಲ್ಲಿನೋರು, ಹೊಸದುರ್ಗದಲ್ಲಿ ಸಾವೆ ನವಣೆ ಪ್ಯಾಕ್ ಮಾಡಿ ಮಾರೋರು, ಊರಲ್ಲೇ ಎರಡು ಮೂರು ಬಟ್ಟೆ ಅಂಗಡಿ, ಹಿಂಗೆ. ಇವರೆಲ್ಲರೂ ವರ್ಷಕ್ಕೊಂದ್ಸಲ ಕೇಳೇ ಕೇಳೋ ಪ್ರಶ್ನೆ, "ಬೆಂಗಳೂರಲ್ಲಿ ಎಕ್ಸ್‌ಪೋ ಐತಂತೆ, ನಾವೂ ಒಂದು ಸ್ಟಾಲ್ ಹಾಕಣೇನ್ರಿ?" ಅಂತ. ಈ ಪ್ರಶ್ನೆಗೆ ಫೋನಲ್ಲಿ ಎರಡು ಮಾತಲ್ಲಿ ಉತ್ತರ ಹೇಳಿ ಹೇಳಿ, ಈ ಸಲ ಉದ್ದಕ್ಕೆ ಬರೆದುಬಿಡೋಣ ಅನ್ನಿಸ್ತು, ಯಾಕಂದ್ರೆ ಮೇಳಗಳ ಬಗ್ಗೆ ನನಗೆ ನಿಜವಾಗ್ಲೂ ತುಂಬಾ ಹೇಳೋದಿದೆ.

ಮೊದಲು ನಾನು ನಂಬಿರೋ ವಿಷಯ ಹೇಳಿಬಿಡ್ತೀನಿ. ಜಾಹೀರಾತು ಬರೆಯೋರಿಗೆ ಗಿರಾಕಿ ಬಾಯಲ್ಲಿ ಬರೋ ಪ್ರಶ್ನೆಗಿಂತ ದೊಡ್ಡ ಬಂಡವಾಳ ಇನ್ನೊಂದಿಲ್ಲ, ಆ ಪ್ರಶ್ನೆ ಆಫೀಸಲ್ಲಿ ಕಂಪ್ಯೂಟರ್ ಮುಂದೆ ಕೂತ್ರೆ ಸಿಗಲ್ಲ, ಮೇಳದಲ್ಲಿ ಸಿಗುತ್ತೆ. ಒಂದೇ ದಿನಕ್ಕೆ ನೂರಾರು ಜನ ಬಂದು ಅದೇ ವಸ್ತು ಮುಟ್ಟಿ, ತಿರುಗಿಸಿ, ಎತ್ತಿ ನೋಡಿ, ತಮ್ಮ ಮಾತಲ್ಲೇ ಕೇಳ್ತಾರೆ. ದುಡ್ಡು ಕೊಟ್ಟು ಸರ್ವೇ ಮಾಡಿಸಿದ್ರೂ ಹಂಗೆ ಬಿಚ್ಚಿ ಮಾತಾಡಲ್ಲ.

ಒಂದು ಉದಾಹರಣೆ ಕೊಡ್ತೀನಿ. ಮೆಕ್ಕೆಜೋಳ ಬಿಡಿಸೋ ಮಷಿನ್ ಮಾಡೋ ಒಬ್ಬ ಕ್ಲೈಂಟ್ ಜೊತೆ ಧಾರವಾಡ ಕೃಷಿ ಮೇಳಕ್ಕೆ ಹೋಗಿದ್ವಿ. ಅವರ ಹತ್ರ ಮೊದಲಿಂದ ಇದ್ದ ಬ್ರೋಷರ್‌ನಲ್ಲಿ "ಅತ್ಯಾಧುನಿಕ ತಂತ್ರಜ್ಞಾನ, ಉತ್ಕೃಷ್ಟ ಗುಣಮಟ್ಟ, ರೈತರ ನಂಬಿಕೆಯ ಸಂಗಾತಿ" ಅಂತೆಲ್ಲ ಇತ್ತು. ನಾನು ಸ್ಟಾಲ್ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು, ಲಾಂಗ್ ಬುಕ್ ತೊಡೆ ಮೇಲಿಟ್ಕೊಂಡು, ಬಂದೋರು ಏನ್ ಕೇಳ್ತಾರೆ ಅನ್ನೋದನ್ನ ಅವರ ಮಾತಲ್ಲೇ ಬರ್ಕೊಂತಾ ಕೂತೆ. "ಸಿಪ್ಪೆ ಸಮೇತ ಹಾಕ್ಬೋದೇನು, ಸುಲಿದೇ ಹಾಕ್ಬೇಕಾ?" "ಗಂಟೆಗೆ ಎಷ್ಟು ಚೀಲ ಆಗುತ್ತೆ?" "ಕಾಳು ಒಡಿಯುತ್ತಾ?" "ನಂದು ಮೂವತ್ತೈದು ಎಚ್‌ಪಿ ಟ್ರ್ಯಾಕ್ಟರು, ಎಳಿಯುತ್ತಾ?" "ಬೆಂಡು ಬೇರೆ ಬೀಳುತ್ತಾ, ಕಾಳಿನ ಜೊತಿಗೇ ಬರುತ್ತಾ?" "ಬೆಲ್ಟ್ ಹೋದ್ರೆ ನಮ್ಮೂರಾಗೇ ಸಿಗುತ್ತಾ, ದಾವಣಗೆರೆಗೇ ಬರ್ಬೇಕಾ?" ಒಬ್ಬ ಯಜಮಾನ್ರು ಮಾತೇ ಆಡ್ದೆ ಮಷಿನ್ ಹಿಂದಕ್ಕೆ ಹೋಗಿ, ಕಾಳು ಬೀಳೋ ಕಡೆ ಕೈಯೊಡ್ಡಿ, ಒಂದು ಹಿಡಿ ತಗೊಂಡು, ಹೆಬ್ಬೆರಳಲ್ಲಿ ಹರಡಿ ಒಡೆದ ಕಾಳು ಎಷ್ಟಿದೆ ಅಂತ ಎಣಿಸಿದ್ರು. ಆಮೇಲೆ ಮಗನ ಕಡೆ ತಿರುಗಿ "ಪರವಾಗಿಲ್ಲ ಕಣೋ, ರೇಟ್ ಕೇಳು" ಅಂದ್ರು. ಆ ಮೇಳ ಮುಗಿಸಿ ಬಂದ್ಮೇಲೆ ಬ್ರೋಷರ್ ಪೂರ್ತಿ ಹೊಸದಾಗಿ ಮಾಡಿದ್ವಿ. ಮುಂದಿನ ಪುಟದಲ್ಲಿ ಸಂಗಾತಿ ಗಿಂಗಾತಿ ಏನೂ ಇಲ್ಲ, ಅವೇ ಪ್ರಶ್ನೆಗಳು, ಕೆಳಗೆ ಒಂದೊಂದು ಸಾಲಿನ ಉತ್ತರ. ವಿಡಿಯೋದಲ್ಲೂ ಮಾಲೀಕರ ಭಾಷಣ ತೆಗೆದು, ಕಾಳು ಅಂಗೈಗೆ ಬೀಳೋ ಶಾಟ್‌ನಿಂದಲೇ ಶುರು ಮಾಡಿದ್ವಿ. ಅದಾದ್ಮೇಲೆ ಫೋನ್ ಮಾಡೋ ರೈತರು "ಅದೇನು ಮಷಿನ್ನು" ಅಂತ ಮೊದಲಿಂದ ಕೇಳೋದು ಬಿಟ್ಟು, ಡೈರೆಕ್ಟಾಗಿ ರೇಟು, ಡೆಲಿವರಿ ಕೇಳೋಕೆ ಶುರು ಮಾಡಿದ್ರು.

ಇದೇ ಮಷಿನ್ ವಿಷಯದಲ್ಲಿ ಇನ್ನೊಂದು ಲೆಕ್ಕಾಚಾರ ಇದೆ. ನಮ್ಮ ಜಿಲ್ಲೆಲಿ ಮೆಕ್ಕೆಜೋಳ ಮುಂಗಾರಿಗೆ ಬಿತ್ತಿದ್ದು ಅಕ್ಟೋಬರ್ ನವೆಂಬರ್‌ಗೆ ಕಟಾವಿಗೆ ಬರುತ್ತೆ. ಧಾರವಾಡದ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಮೇಳ ನವೆಂಬರ್‌ನಲ್ಲಿ. ಅಂದ್ರೆ ಧಾರವಾಡಕ್ಕೆ ಬರೋ ರೈತನ ತಲೇಲಿ "ಈ ಸಲ ಕೂಲಿಯೋರು ಸಿಕ್ತಾರೋ ಇಲ್ವೋ" ಅನ್ನೋ ಯೋಚನೆ ಆಗ್ಲೇ ಓಡ್ತಿರುತ್ತೆ, ಜಿಕೆವಿಕೆ ಹೊತ್ತಿಗೆ ಅರ್ಧ ಜನರ ಜೋಳ ಕಣಕ್ಕೆ ಬಂದಾಗಿರುತ್ತೆ. ಜಿಕೆವಿಕೆ ಹೆಸರು ದೊಡ್ಡದು, ಜನ ಲಕ್ಷಗಟ್ಟಲೆ ಬರ್ತಾರೆ, ಆದ್ರೂ ಈ ಕ್ಲೈಂಟ್‌ಗೆ ನಾನು ಹೇಳೋದು ಧಾರವಾಡಾನೇ. ಎಷ್ಟು ಜನ ಬರ್ತಾರೆ ಅನ್ನೋದನ್ನ ಆಯೋಜಕರು ಹೇಳ್ತಾರೆ, ಬರೋರು ಯಾವ ತಿಂಗಳಲ್ಲಿ ಕೊಳ್ತಾರೆ ಅನ್ನೋದನ್ನ ನಾವೇ ಲೆಕ್ಕ ಹಾಕ್ಬೇಕು.

ಇನ್ನು ಬೆಂಗಳೂರಿನ ದೊಡ್ಡ ಎಕ್ಸ್‌ಪೋಗಳು. ತುಮಕೂರು ರಸ್ತೆ ಮಾದಾವರದ ಎಕ್ಸಿಬಿಷನ್ ಸೆಂಟರ್ ಬಿಐಇಸಿ ನಮಗೆ ಒಂದು ರೀತಿ ಅನುಕೂಲ, ಹೈವೇಲಿ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ನೆಲಮಂಗಲ ಆದ್ಮೇಲೆ ಬಂದೇಬಿಡುತ್ತೆ, ಬೆಂಗಳೂರು ಟ್ರಾಫಿಕ್ ಒಳಗೆ ನುಗ್ಗೋ ಕೆಲಸಾನೇ ಇಲ್ಲ. 2024ರ ನವೆಂಬರ್‌ನಲ್ಲಿ ಮೆಟ್ರೋ ಮಾದಾವರದವರೆಗೂ ಬಂತು, ಅಲ್ಲಿಂದ ಸಿಟಿ ಒಳಗೆ ಉಳ್ಕೊಳ್ಳೋರಿಗೂ ಈಗ ಸುಲಭ. ಜನವರಿಲಿ ಅಲ್ಲಿ ನಡೆಯೋ ಮಷಿನ್ ಟೂಲ್ ಮೇಳ ಇಮ್‌ಟೆಕ್ಸ್‌ಗೆ ಹರಿಹರದ ವರ್ಕ್‌ಶಾಪಿನೋರು ತಪ್ಪದೇ ಹೋಗ್ತಾರೆ. ಒಂದು ವರ್ಷ ಲೋಹ ಕತ್ತರಿಸೋ ಮಷಿನ್‌ಗಳು, ಇನ್ನೊಂದು ವರ್ಷ ಲೋಹ ಬಗ್ಗಿಸಿ ಒತ್ತಿ ಆಕಾರ ಕೊಡೋ ಮಷಿನ್‌ಗಳು. ಹರಿಹರ ಅಂದ್ರೆ ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾಗ್ತಿದ್ದ ಊರು. ಆ ಫ್ಯಾಕ್ಟರಿ ಮುಚ್ಚಿದ್ರೂ ಅಲ್ಲಿ ಕಲಿತ ಕೈಕೆಲಸ ಊರಲ್ಲಿ ಉಳಿದಿದೆ, ಅದನ್ನ ನೋಡಿದಾಗೆಲ್ಲ ನನಗೆ ಹೆಮ್ಮೆ ಆಗುತ್ತೆ. ಮಷಿನ್ ಮುಂದೆ ನಿಂತ್ರೆ ಎಂತಾ ಎಂಜಿನಿಯರ್ ಜೊತೆಗಾದ್ರೂ ಸರಿಸಮ ಮಾತಾಡ್ತಾರೆ ಈ ಜನ, ಆದ್ರೆ ಪಕ್ಕದ ಸ್ಟಾಲಿನೋರು ಇಂಗ್ಲಿಷಲ್ಲಿ ಪಟಪಟ ಅಂದ್ಕೂಡ್ಲೇ ಸುಮ್ಮನಾಗಿಬಿಡ್ತಾರೆ. ನಮ್ಮಂತ ಮಾರ್ಕೆಟಿಂಗ್‌ನೋರು ಜೊತೆಗಿರಬೇಕಾದ್ದು ಅಲ್ಲೇ. ಪಕ್ಕದಲ್ಲಿ ನಿಂತು "ಸಾರ್ ಈ ಪೀಸ್ ಇವ್ರೇ ಮಾಡಿದ್ದು, ಕೈಗೆ ತಗೊಂಡು ನೋಡಿ" ಅಂದ್ರೆ ಸಾಕು, ಮಿಕ್ಕಿದ್ದು ಆ ಪೀಸೇ ಮಾತಾಡುತ್ತೆ.

ಸ್ಟಾಲ್ ವಿಷಯಕ್ಕೆ ಬಂದ್ರೆ, ನನ್ನ ಸಲಹೆ ಮೊದಲ ವರ್ಷ ವಿಸಿಟರ್ ಆಗಿ ಹೋಗಿ ಬನ್ನಿ. ಯಾವ ಹಾಲ್‌ಗೆ ಯಾರು ಬರ್ತಾರೆ, ನಿಮ್ಮಂತೋರು ಎಲ್ಲಿ ನಿಂತಿದಾರೆ, ಎಲ್ಲಿ ಜನ ನಿಲ್ತಾರೆ ಎಲ್ಲಿ ಸುಮ್ನೆ ಹಾದು ಹೋಗ್ತಾರೆ ಅಂತ ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕಟ್ಟಿ. ಚಿಕ್ಕ ಸ್ಟಾಲ್ ಅಂದ್ರೆ ಸಾಮಾನ್ಯವಾಗಿ ಮೂರು ಮೀಟರ್‌ಗೆ ಮೂರು ಮೀಟರ್, 9 ಚದರ ಮೀಟರ್. ಅದರಲ್ಲಿ ಪಾರ್ಟಿಷನ್ ಗೋಡೆ, ಮೇಲೆ ಹೆಸರಿನ ಪಟ್ಟಿ, ಒಂದು ಟೇಬಲ್, ಎರಡು ಚೇರ್, ಎರಡು ಮೂರು ಲೈಟು, ಒಂದು ಪ್ಲಗ್ ಪಾಯಿಂಟ್, ಅಷ್ಟೇ ಇರುತ್ತೆ. ಮಷಿನ್ ಓಡಿಸ್ಬೇಕು ಅಂದ್ರೆ ಕರೆಂಟ್ ಬೇರೆ ಬುಕ್ ಮಾಡ್ಬೇಕು, ಕಾರ್ನರ್ ಬೇಕು ಅಂದ್ರೆ ಬಹಳ ಕಡೆ ರೇಟ್ ಜಾಸ್ತಿ, ಬಾಡಿಗೆ ಮೇಲೆ ಶೇ. 18 ಜಿಎಸ್‌ಟಿ. ಹೋಗಿ ಬರೋ ಗಾಡಿ, ಲೋಡಿಂಗ್, ರೂಮು, ಊಟ ಸೇರಿಸಿದ್ರೆ ಸ್ಟಾಲ್ ಬಾಡಿಗೆ ಅನ್ನೋದು ಖರ್ಚಲ್ಲಿ ಒಂದು ಭಾಗ ಅಷ್ಟೇ ಅಂತ ಗೊತ್ತಾಗುತ್ತೆ. ಉದ್ಯಮ್ ನೋಂದಣಿ ಇರೋ ಸಣ್ಣ ಕೈಗಾರಿಕೆಗಳಿಗೆ ಕೇಂದ್ರದ ಎಂಎಸ್‌ಎಂಇ ಇಲಾಖೆ ಸ್ಕೀಮಲ್ಲಿ ಸ್ಟಾಲ್ ಬಾಡಿಗೆಗೆ ನೆರವು ಸಿಗುತ್ತೆ, ಮಹಿಳಾ ಉದ್ಯಮಿಗಳಿಗೆ, ಎಸ್‌ಸಿ ಎಸ್‌ಟಿ ಉದ್ಯಮಿಗಳಿಗೆ ಹೆಚ್ಚು. ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಮೇಳಕ್ಕೆ ಮುಂಚೆನೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ವಿಚಾರಿಸಿ, ಮುಗಿದ್ಮೇಲೆ ಬಿಲ್ ಹಿಡ್ಕೊಂಡು ಓಡಾಡೋದು ಬೇಡ.

ಲಕ್ಕಿ ಡ್ರಾ ಡಬ್ಬಿ ಇಟ್ಟು ವಿಸಿಟಿಂಗ್ ಕಾರ್ಡ್ ತುಂಬಿಸೋದು ನನಗೆ ಸರಿ ಕಾಣಲ್ಲ. ಬ್ಯಾಗು ಪೆನ್ನು ಹಂಚೋದೂ ಅಷ್ಟೇ, ಬ್ಯಾಗಿಗೆ ಬಂದ ಜನ ಬ್ಯಾಗ್ ತಗೊಂಡು ಹೋಗ್ತಾರೆ. ಅದರ ಬದಲು ನಾವು ಒಂದು ಲಾಂಗ್ ಬುಕ್ ಇಡ್ತೀವಿ, ಹೆಸರು, ಊರು, ನಂಬರ್, ಪಕ್ಕದಲ್ಲಿ ಅವರು ಏನ್ ಕೇಳಿದ್ರು ಅನ್ನೋದು ಒಂದು ಸಾಲು. "ಹೊನ್ನಾಳಿ ಕಡೆಯೋರು, ಆರು ಎಕರೆ, ತಮ್ಮನ್ನ ಕೇಳಿ ಹೇಳ್ತಾರೆ" ಅಂತ ಬರ್ಕೊಂಡಿದ್ರೆ, ಆಮೇಲೆ ಫೋನ್ ಮಾಡಿದಾಗ "ಅಣ್ಣಾ, ತಮ್ಮ ಏನಂದ್ರು?" ಅಂತಲೇ ಮಾತು ಶುರು ಮಾಡ್ಬೋದು. ನಂಬರ್ ಬರ್ಕೊಳೋವಾಗ್ಲೇ "ಫೋನ್ ಮಾಡ್ಬೋದಾ, ವಾಟ್ಸಾಪಲ್ಲಿ ವಿಡಿಯೋ ಕಳಿಸ್ಬೋದಾ" ಅಂತ ಕೇಳ್ತೀವಿ, ಬೇಡ ಅಂದೋರ ನಂಬರ್ ಬರ್ಕೊಳಲ್ಲ. ಕಂಡ ಕಂಡೋರನ್ನೆಲ್ಲ ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ ಸೇರಿಸಿ ದಿನಾ ಗುಡ್ ಮಾರ್ನಿಂಗ್ ಕಳಿಸೋರನ್ನ ಯಾರು ತಾನೇ ಇಷ್ಟಪಡ್ತಾರೆ. ಊರಿಗೆ ವಾಪಸ್ ಬಂದ ಎರಡು ಮೂರು ದಿನದೊಳಗೆ ಫೋನ್ ಮಾಡ್ಬೇಕು, ಅದೂ ರೈತರಿಗೆ ಸಂಜೆ ಆದ್ಮೇಲೆ, ಹಗಲು ಹೊಲದಲ್ಲಿರ್ತಾರೆ. ಮೇಳದ ನಿಜವಾದ ಕೆಲಸ ಇದೇ, ಆದ್ರೆ ಸುಸ್ತಾಗಿ ಬಂದು ಬಹಳ ಜನ ಇದನ್ನೇ ಬಿಟ್ಟುಬಿಡ್ತಾರೆ, ನೋಡಿದ್ರೆ ಸಂಕಟ ಆಗುತ್ತೆ.

ಈಗ ಜಾತ್ರೆ. ಇದನ್ನ ಎಕ್ಸ್‌ಪೋ ತರ ನೋಡ್ಬಾರ್ದು, ನಾನು ಈ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು. ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಂದ್ಸಲ, ಊರಿಗೆ ಊರೇ ನೆಂಟರಿಂದ ತುಂಬಿರುತ್ತೆ, ಒಂದೊಂದು ಮನೇಲೂ ಪಂಕ್ತಿ ಮೇಲೆ ಪಂಕ್ತಿ ಊಟ. ಆ ದಿನ ಜನ ಅಮ್ಮನ್ನ ನೋಡೋಕೆ ಬಂದಿರ್ತಾರೆ, ನಮ್ಮ ಆಫರ್ ನೋಡೋಕಲ್ಲ. ಬಟ್ಟೆ ಅಂಗಡಿಯೋರು ಜಾಹೀರಾತಿಗೆ ದುಡ್ಡು ಹಾಕ್ಬೇಕಾದ್ದು ಜಾತ್ರೆಗೆ ಮೂರು ನಾಲ್ಕು ವಾರ ಮುಂಚೆ, ಮನೆಗೆ ಬರೋ ಅಕ್ಕ ತಂಗೀರಿಗೆ ಸೀರೆ ತೆಗೆಯೋ ಟೈಮಲ್ಲಿ. ಜಾತ್ರೆ ದಿನ ಏನಾದ್ರೂ ಮಾಡ್ಬೇಕು ಅಂದ್ರೆ ಒಂದು ಶಾಮಿಯಾನ ಹಾಕಿ, ಮಜ್ಜಿಗೆ ಕೊಡಿ, ವಯಸ್ಸಾದೋರು ಕೂರೋಕೆ ಬೆಂಚ್ ಹಾಕಿ, ಅಂಗಡಿ ಹೆಸರು ಬಟ್ಟೆ ಬ್ಯಾನರ್ ಮೇಲೆ ಒಂದೇ ಒಂದು ಕಡೆ ಇರಲಿ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ಮೇಲಾಗಿ ನಲವತ್ತು ಜನರ ಫೋಟೋ ಇರೋ ಫ್ಲೆಕ್ಸಲ್ಲಿ ನಿಮ್ಮ ಮುಖ ಯಾರು ಹುಡುಕ್ತಾರೆ. ಮಜ್ಜಿಗೆ ಕುಡಿದೋರು "ಯಾರ್ದಪ್ಪ ಇದು?" ಅಂತ ತಾವೇ ಕೇಳ್ತಾರೆ, ಲೋಟ ಕೊಡೋ ಹುಡುಗ ಅಂಗಡಿ ಹೆಸರು ಹೇಳ್ತಾನೆ, ಅಷ್ಟೇ ಸಾಕು.

ನಾಯಕನಹಟ್ಟಿ ಜಾತ್ರೆಗೂ ಇದೇ ಮಾತು. ಮಾರ್ಚ್ ಬಿಸಿಲು, ಸುತ್ತಮುತ್ತ ಕೊಬ್ಬರಿ ಸುಡೋ ಹೊಗೆ, ತೇರಿನ ರಸ್ತೇಲಿ ಕಾಲಿಡೋಕೆ ಜಾಗ ಇಲ್ಲ, ಅಲ್ಲಿ ಕುಡಿಯೋ ನೀರಿಗಿಂತ ಬೆಲೆಬಾಳೋದು ಏನಿದೆ? ಚಳ್ಳಕೆರೆ ಕಡೆಯ ಒಬ್ಬ ಕ್ಲೈಂಟ್ ಅಲ್ಲಿ ನೀರಿನ ವ್ಯವಸ್ಥೆ ಮಾಡಿಸಿದಾಗ ಜೊತೆಗೆ ಎಣ್ಣೆ ಸ್ಯಾಂಪಲ್ ಪೌಚ್ ಹಂಚೋಣ್ವಾ ಅಂದ್ರು. ಬೇಡ ಯಜಮಾನ್ರೇ, ಹರಿದ ಪೌಚೆಲ್ಲ ತೇರಿನ ದಾರೀಲಿ ಬಿದ್ದಿರುತ್ತೆ, ಎಣ್ಣೆ ತುಳಿದು ಜನ ಜಾರಿ ಬೀಳ್ತಾರೆ ಅಂದೆ, ಒಪ್ಪಿದ್ರು. "ಮಾಡಿದಷ್ಟು ನೀಡು ಭಿಕ್ಷೆ" ಅಂದ ತಿಪ್ಪೇರುದ್ರಸ್ವಾಮಿಗಳ ಊರದು, ಕೆರೆ ಕಟ್ಟಿಸಿದ ಪುಣ್ಯಾತ್ಮರು, ಅಲ್ಲಿ ನೀರು ಕೊಡೋ ಕೆಲಸಕ್ಕೆ ಬೇರೇನೂ ಅಂಟಿಸ್ಬಾರ್ದು ಅಂತ ನನಗೆ ಅನ್ನಿಸುತ್ತೆ.

ಸಿರಿಗೆರೆ ಮಠದೋರ ತರಳಬಾಳು ಹುಣ್ಣಿಮೆ ಇನ್ನೊಂದು ತರ. ವರ್ಷಕ್ಕೊಂದು ಊರಲ್ಲಿ, ಒಂಬತ್ತು ದಿನ, ಸಂಜೆ ಭಾಷಣ, ನಾಟಕ, ಮಲ್ಲಕಂಬ ಎಲ್ಲ ಇರುತ್ತೆ, ಸುತ್ತಲಿನ ಹಳ್ಳಿಯೋರು ಕುಟುಂಬ ಸಮೇತ ಬಂದು ಕೂತು ಕೇಳ್ತಾರೆ. ಇಂತಲ್ಲಿಗೆ ನಾನು ಏನೂ ಮಾರೋಕೆ ಹೋಗಲ್ಲ, ಸುಮ್ನೆ ಹೋಗಿ ಕೂರ್ತೀನಿ. ಪಕ್ಕದಲ್ಲಿ ಕೂತೋರು ಅಡಿಕೆ ರೇಟು, ಬೋರ್‌ವೆಲ್, ಮಗಳ ಕಾಲೇಜ್ ಫೀಸು ಮಾತಾಡ್ತಿರ್ತಾರೆ. ಯಾವ ಊರಿಗೆ ಡ್ರಿಪ್ ಬಂತು, ಯಾರು ಮೆಕ್ಕೆಜೋಳ ಬಿಟ್ಟು ಅಡಿಕೆ ಹಾಕಿದ್ರು, ಅಲ್ಲೇ ಗೊತ್ತಾಗಿಬಿಡುತ್ತೆ, ಮುಂದಿನ ವರ್ಷ ಯಾವ ಕ್ಲೈಂಟ್ ಯಾವ ತಾಲ್ಲೂಕಲ್ಲಿ ಖರ್ಚು ಮಾಡ್ಬೇಕು ಅಂತ ಹೇಳೋಕೆ ನನಗೆ ಇದಕ್ಕಿಂತ ಒಳ್ಳೆ ಆಧಾರ ಇಲ್ಲ.

ಕೊನೆಗೆ ಮೊಳಕಾಲ್ಮೂರಿನ ನೇಕಾರರ ಬಗ್ಗೆ ಒಂದು ಮಾತು. 2011ರಲ್ಲೇ ಜಿಐ ಟ್ಯಾಗ್ (ಆ ಊರಿನದೇ ಅನ್ನೋ ಭೌಗೋಳಿಕ ಗುರುತು) ಸಿಕ್ಕಿರೋ ಸೀರೆ, ಆದ್ರೂ ಬೆಂಗಳೂರಿನ ಮೇಳಗಳಲ್ಲಿ "ಇದು ಕಾಂಚೀಪುರಂ ತರಾನಾ?" ಅಂತ ಕೇಳ್ತಾರೆ. ಅಲ್ಲಿ ಸೀರೆ ಮಡಚಿ ಗುಡ್ಡೆ ಹಾಕಿದ್ರೆ ಸಾಲಲ್ಲ. ಸೀರೆ ಬಿಚ್ಚಿ, ಸೆರಗು ಹಿಡಿದು, ಬುಟ್ಟಾ ಹಿಂದಿನ ಮಗ್ಗುಲೂ ತಿರುಗಿಸಿ ತೋರಿಸ್ಬೇಕು, ನೇಯ್ದೋರೇ ನಿಂತು "ಇಷ್ಟು ದಿನ ಹಿಡೀತು ನಮ್ಮವ್ವ" ಅಂತ ಹೇಳ್ಬೇಕು. ಆಗಸ್ಟ್ 7ರ ಕೈಮಗ್ಗ ದಿನದ ಆಸುಪಾಸು ಅಲ್ಲಲ್ಲಿ ಮೇಳ ಇರುತ್ತೆ, ನಮ್ಮ ಆಫೀಸಿಂದ ಅಂತಾ ನೇಕಾರರಿಗೆ ಕನ್ನಡ ಇಂಗ್ಲಿಷ್ ಎರಡರಲ್ಲೂ ಚಿಕ್ಕ ಕಾರ್ಡ್ ಮಾಡಿಕೊಡೋದು, ವಾಟ್ಸಾಪ್ ಕ್ಯಾಟಲಾಗ್ ಹಾಕಿಕೊಡೋದು ಫ್ರೀ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ಯಾರಿಗಾದ್ರೂ ಬೇಕಿದ್ರೆ ಜುಲೈ ಮೊದಲ ವಾರದೊಳಗೆ ಸೀರೆ ಫೋಟೋ ತೆಗೆದಿಟ್ಕೊಳಿ, ಬೆಳಿಗ್ಗೆ ಬೆಳಕಲ್ಲಿ, ನೆರಳಲ್ಲಿ, ಫ್ಲ್ಯಾಶ್ ಇಲ್ದೆ, ಜರಿ ಬಣ್ಣ ಸರಿಯಾಗಿ ಬರುತ್ತೆ.