ನನ್ನ ಓಲಗದ ಪ್ಯಾಚ್ ಬೇರೆಯವರ ಬಾಯಲ್ಲಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಸ್ಯಾಕ್ಸೋಫೋನ್ ಊದಿದ್ದು ಒಂದೇ ಸಲ. ಭಾನುವಾರ ಬೆಳಗ್ಗೆ ಹತ್ತೂವರೆ. ಯಾರೂ ಮಲಗಿರುವ ಹೊತ್ತಲ್ಲ ಅಂದುಕೊಂಡು ಮೋಹನ ರಾಗ ಶುರು ಮಾಡಿದೆ. ಹತ್ತು ನಿಮಿಷಕ್ಕೆ ಕೆಳಗಿನ ಮನೆ ಆಂಟಿ ಬಾಗಿಲು ತಟ್ಟಿದರು. ಬೈಯಲಿಲ್ಲ. "ಯಾರ ಮದುವೆ?" ಅಂತ ಕೇಳಿದರು, ಅಷ್ಟೇ. ಸ್ಯಾಕ್ಸ್ ಪೆಟ್ಟಿಗೆ ಸೇರಿತು.

ಆಂಟಿಯ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮೂರು ಬಂಟ್ವಾಳದ ಕಡೆ. ಕದ್ರಿ ಗೋಪಾಲನಾಥರು ಹುಟ್ಟಿದ ಸಜೀಪಮೂಡ ಅದೇ ತಾಲೂಕು. ನಾಗಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ಕತೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಅವರು ಹಾಕಿಕೊಟ್ಟ ದಾರಿಯಲ್ಲಿ ಎಷ್ಟೋ ಜನ ನಡೆದರು. ಈಗ ಮದುವೆಗೆ, ಜಾತ್ರೆಗೆ ಸ್ಯಾಕ್ಸೋಫೋನ್ ಇಲ್ಲದಿದ್ದರೆ ಏನೋ ಕಡಿಮೆಯಾದ ಹಾಗೆ. ನನ್ನ ಸೋದರಮಾವ ಕೂಡ ಮೊದಲು ನಾಗಸ್ವರ ಊದುತ್ತಿದ್ದವರು, ಆಮೇಲೆ ಸ್ಯಾಕ್ಸೋಫೋನಿಗೆ ಬಂದರು. ನಾನು ಕಲಿತದ್ದು ಅವರ ಹತ್ತಿರ. ಹೊಟ್ಟೆಪಾಡಿಗೆ ಮಾತ್ರ ಬೆಂಗಳೂರು, ಕಂಪ್ಯೂಟರ್.

ಪೆಟ್ಟಿಗೆ ಸೇರಿದ ಸ್ಯಾಕ್ಸಿನ ಜಾಗಕ್ಕೆ ಬಂದದ್ದು ಈವಿ. ಅಕಾಯ್ ಕಂಪನಿಯ ಈವಿ 4000ಎಸ್, ಸೆಕೆಂಡ್ ಹ್ಯಾಂಡ್, ಸ್ನೇಹಿತನ ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಬಂದದ್ದು. ನೈಲ್ ಸ್ಟೈನರ್ ಎಂಬ ಟ್ರಂಪೆಟ್ ವಾದಕ ಮನೆಯಲ್ಲೇ ಕೂತು ಕಟ್ಟಿದ ಊದುವ ಸಿಂಥಸೈಜರ್‌ನ, ಅಂದರೆ ವಿದ್ಯುತ್ತಿನಿಂದ ಶಬ್ದ ಹುಟ್ಟಿಸುವ ವಾದ್ಯದ, ಸಂತತಿ ಇದು. ಅಕಾಯ್ ಅದನ್ನು 1987ರಲ್ಲಿ ಮಾರಾಟಕ್ಕೆ ತಂದಿತು. ಜಾಝ್ ಸ್ಯಾಕ್ಸೋಫೋನಿನ ಮೈಕಲ್ ಬ್ರೆಕರ್ ಊದಿದ ಮೇಲೆ ಜನ ತಿರುಗಿ ನೋಡಿದರು. ನೋಡಲು ಕಪ್ಪು ಕೋಲು. ಕೀಲಿಗಳು ಅಲ್ಲಾಡುವುದಿಲ್ಲ, ಬೆರಳು ತಾಗಿದರೆ ಸಾಕು ಅದಕ್ಕೆ ಗೊತ್ತಾಗುತ್ತದೆ. ಎಡ ಹೆಬ್ಬೆರಳಿನ ಕೆಳಗೆ ಉರುಳುವ ಗಾಲಿಗಳು, ಸ್ಥಾಯಿ ಬದಲಿಸಲು. ಬಲ ಹೆಬ್ಬೆರಳಿಗೆ ಎರಡು ಲೋಹದ ತಗಡು. ಒಂದಕ್ಕೆ ತಾಗಿಸಿದರೆ ಸ್ವರ ಮೇಲೆ ಜಾರುತ್ತದೆ, ಇನ್ನೊಂದಕ್ಕೆ ತಾಗಿಸಿದರೆ ಕೆಳಗೆ. ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಹನ್ನೊಂದಕ್ಕೂ ಊದಬಹುದು. ಕೆಳಗಿನ ಮನೆಗೆ ಒಂದು ಸೊಳ್ಳೆಯಷ್ಟೂ ಕೇಳಿಸದು.

ಅದರೊಳಗೇ ಒಂದು ಸಿಂಥ್ ಇದೆ, ಶಬ್ದಗಳೂ ಬೇಕಾದಷ್ಟಿವೆ. ನನಗೆ ಬೇಕಾದದ್ದು ಮಾತ್ರ ಇರಲಿಲ್ಲ. ಓಲಗ ಬೇಕಿತ್ತು ನನಗೆ. ಸರಿ, ನಾನೇ ಮಾಡೋಣ ಅಂತ ಲ್ಯಾಪ್‌ಟಾಪಿಗೆ ತಂತಿ ಚುಚ್ಚಿ ಸರ್ಜ್ ಎಕ್ಸ್‌ಟಿ ಹಾಕಿಕೊಂಡೆ. ಅದು ಕಂಪ್ಯೂಟರಿನಲ್ಲಿ ಓಡುವ ಪುಕ್ಕಟೆ ಸಿಂಥ್. ಬರೆದವರೇ 2018ರಲ್ಲಿ ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ನಾಳೆ ಯಾರಿಗಾದರೂ ಪ್ಯಾಚ್ ಕೊಟ್ಟರೆ ಅವರು ದುಡ್ಡು ಹಾಕಬೇಕಾಗಿಲ್ಲ ಅನ್ನುವುದೂ ತಲೆಯಲ್ಲಿತ್ತು.

ಪ್ಯಾಚ್ ಅಂದರೆ ದೊಡ್ಡ ವಿಷಯವೇನಲ್ಲ. ಯಾವ ಅಲೆ, ಶಬ್ದದ ಹರಿತವನ್ನು ಸೋಸುವ ಫಿಲ್ಟರ್ ಎಷ್ಟು ತೆರೆದಿದೆ, ಯಾವುದು ಯಾವುದನ್ನು ಎಷ್ಟು ಅಲ್ಲಾಡಿಸಬೇಕು ಅನ್ನುವ ಒಂದಷ್ಟು ಸಂಖ್ಯೆಗಳು. ಅಲೆ ಆರಿಸುವುದು ಸುಲಭವಾಯಿತು. ಕ್ಲಾರಿನೆಟ್ ಹೆಚ್ಚುಕಮ್ಮಿ ಉದ್ದಕ್ಕೂ ಒಂದೇ ಅಗಲದ ಕೊಳವೆ. ಅದರಲ್ಲಿ ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯ ಅನುರಣನಗಳೇ (ಒಂದು ಸ್ವರದೊಳಗೆ ಸೇರಿ ಮೊಳಗುವ ಉಪಸ್ವರಗಳು) ಜಾಸ್ತಿ, ಅದಕ್ಕೆ ಚೌಕದ ಅಲೆ ಹೊಂದುತ್ತದೆ. ನಾಗಸ್ವರ, ಸ್ಯಾಕ್ಸೋಫೋನ್ ಎರಡೂ ಕೆಳಗೆ ಹೋದ ಹಾಗೆ ಅಗಲವಾಗುವ ಕೊಳವೆಗಳು. ಅವುಗಳಲ್ಲಿ ಎಲ್ಲ ಅನುರಣನಗಳೂ ಬರುತ್ತವೆ. ಅದಕ್ಕೆ ಗರಗಸದ ಹಲ್ಲಿನಂತಿರುವ ಅಲೆ.

ತಲೆ ಕೆಟ್ಟದ್ದು ಉಸಿರಿನಲ್ಲಿ. ಕೀಬೋರ್ಡಿಗೆ ಮಾಡಿದ ಪ್ಯಾಚ್‌ಗಳು ಬೆರಳಿನ ಏಟಿಗೆ ಕಾದು ಕೂತಿರುತ್ತವೆ. ಏಟು ಬಿತ್ತು, ಶಬ್ದ ಎದ್ದಿತು, ತಾನೇ ತಗ್ಗಿತು. ಊದುವ ವಾದ್ಯದಲ್ಲಿ ಏಳುವುದು, ತಗ್ಗುವುದು ಎಲ್ಲ ನಮ್ಮ ಎದೆಯ ಕೆಲಸ. ಹಾಗಾಗಿ ಮೊದಲು ಆ ಏರಿಳಿತವನ್ನೆಲ್ಲ ಕಿತ್ತು ಹಾಕಬೇಕು. ವಾದ್ಯ, ಕಂಪ್ಯೂಟರ್ ಪರಸ್ಪರ ಮಾತಾಡುವ ಭಾಷೆ ಮಿಡಿ. ಅದರಲ್ಲಿ ಉಸಿರಿಗೆ ಅಂತಲೇ ಒಂದು ನಂಬರ್ ಇದೆ, ಕಂಟ್ರೋಲರ್ 2. 1983ರ ಯಮಾಹಾ ಡಿಎಕ್ಸ್7 ಕೀಬೋರ್ಡಿನಲ್ಲೂ ಬಾಯಿಂದ ಊದುವ ಪುಟ್ಟ ಸಾಧನ ಚುಚ್ಚಲು ಒಂದು ತೂತಿತ್ತು, ಅಷ್ಟು ಹಳೆಯ ಮರ್ಯಾದೆ ಅದಕ್ಕೆ. ಸೊನ್ನೆಯಿಂದ 127ರವರೆಗೆ ನಿಮ್ಮ ಉಸಿರು ಒಂದು ಸಂಖ್ಯೆಯಾಗಿ ಹೋಗುತ್ತದೆ.

ಆ ಸಂಖ್ಯೆಯನ್ನು ಬರೀ ವಾಲ್ಯೂಮಿಗೆ ಕಟ್ಟಿದರೆ ಯಾರೋ ರೇಡಿಯೋ ಗುಂಡಿ ತಿರುಗಿಸಿದ ಹಾಗೆ ಕೇಳುತ್ತದೆ. ಜೋರಾಗಿ ಊದಿದಾಗ ನಾಗಸ್ವರ ಗಟ್ಟಿಯಾಗುವುದಷ್ಟೇ ಅಲ್ಲ, ಹರಿತವಾಗುತ್ತದೆ, ದೇವಸ್ಥಾನದ ಹೊರಗಿನ ಗದ್ದೆಗೂ ಕೇಳುತ್ತದೆ. ಹಾಗಾಗಿ ಉಸಿರನ್ನು ಮುಖ್ಯವಾಗಿ ಫಿಲ್ಟರಿಗೆ ಕಟ್ಟಿದೆ. ಉಸಿರು ಏರಿದ ಹಾಗೆ ಫಿಲ್ಟರ್ ತೆರೆಯಬೇಕು. ಸ್ವಲ್ಪ ಹಿಸ್ ಸೇರಿಸಿದೆ, ನಾಗಸ್ವರದ ಸೀವಾಳಿಯ (ರೀಡ್) ಬಾಯಲ್ಲಿ ಗಾಳಿ ಸೋರುವ ಹಾಗೆ. ಕೊನೆಗೆ ಒಂದು ಕುತಂತ್ರ: ಸಣ್ಣ ಉಸಿರಿಗೆ ಸ್ವರ 12 ಸೆಂಟ್ ಕೆಳಗೆ ಇರಲಿ, ಉಸಿರು ತುಂಬಿದಾಗ ಸರಿ ಜಾಗಕ್ಕೆ ಬರಲಿ. ನೂರು ಸೆಂಟ್ ಸೇರಿದರೆ ಪಕ್ಕದ ಸ್ವರಸ್ಥಾನ. 12 ಅಂದರೆ ಏನೂ ಅಲ್ಲ ಅಂದುಕೊಂಡೆ. ಶಬ್ದಕ್ಕೆ ಜೀವ ಬಂದ ಹಾಗಾಯಿತು. ರಾತ್ರಿ ಒಂದೂವರೆಗೆ ಒಬ್ಬನೇ ಬೀಗಿದೆ.

ಮುಂದಿನ ವಾರ ಮಾವ ಯಾವುದೋ ಮದುವೆಗೆ ಬೆಂಗಳೂರಿಗೆ ಬಂದವರು ನಮ್ಮಲ್ಲೇ ಉಳಿದರು. ಈವಿ ತೋರಿಸಿದೆ.

"ಎಂತದು ಮಾರಾಯ ಇದು? ಇದಕ್ಕೆ ತೂತೇ ಇಲ್ಲ."

"ಊದಿ ನೋಡಿ ಮಾವ."

ಊದಿದ ಕೂಡಲೇ ಅದು ಕಂಡಕಂಡ ಸ್ವರ ಕಿರುಚಿತು. ಸ್ಯಾಕ್ಸಿನಲ್ಲಿ ಬೆರಳನ್ನು ಕೀಲಿಯ ಮೇಲೆ ಸುಮ್ನೆ ಇಟ್ಟುಕೊಂಡು ಕೂರುವ ಅಭ್ಯಾಸ, ಇದಕ್ಕೆ ತಾಗಿದ್ದೆಲ್ಲ ಸ್ವರ. ಮಾವ ಅದನ್ನು ವಾಪಸ್ ಕೊಟ್ಟು, "ನೀನೇ ಊದು, ನಾನು ಕೇಳುವ" ಅಂದರು. ತಂಬೂರಿ ಆ್ಯಪ್ ಹಾಕಿ, ಸ್ಪೀಕರ್ ಸಣ್ಣಗೆ ಮಾಡಿ ತೋಡಿ ರಾಗ ತೆಗೆದೆ. ಆ ಗಾಂಧಾರ ತೋಡಿಯಲ್ಲಿ ಒಂದು ಕಡೆ ನಿಲ್ಲುವುದಲ್ಲ, ತೂಗಬೇಕು. ನಾಗಸ್ವರದಲ್ಲಾದರೆ ಬೆರಳು ಅರ್ಧ ಎತ್ತಿ, ತುಟಿ ಬಿಗಿ ಮಾಡಿ ತೂಗಿಸಬಹುದು. ಇಲ್ಲಿ ಅರ್ಧ ತೂತು ಅನ್ನುವುದೇ ಇಲ್ಲ, ಹೆಬ್ಬೆರಳಿನ ತಗಡೇ ಗತಿ. ಮಾವ ಕಣ್ಣು ಮುಚ್ಚಿ ಕೇಳಿದರು.

"ಗಾಂಧಾರ ಅಡ್ಡಿಲ್ಲ. ಷಡ್ಜ ಎಂತಕ್ಕೆ ಇಳಿಯುತ್ತದೆ?"

ಷಡ್ಜದಲ್ಲಿ ನಿಂತು ಉಸಿರು ಕಡಿಮೆ ಮಾಡುತ್ತಿದ್ದೆ ಅಲ್ವಾ, ಆ 12 ಸೆಂಟು ಅವರ ಕಿವಿಗೆ ಸಿಕ್ಕಿಬಿತ್ತು. ಲ್ಯಾಪ್‌ಟಾಪ್ ಪರದೆ ಅವರು ನೋಡಿಯೂ ಇರಲಿಲ್ಲ. 8 ಮಾಡಿದೆ, ತಲೆ ಅಲ್ಲಾಡಿಸಿದರು. 5 ಮಾಡಿದೆ. "ಹಾಂ, ಈಗ ನಮ್ಮ ಬಾಯಲ್ಲಿ ಆಗುವಷ್ಟೇ ತಪ್ಪು" ಅಂದರು. ಈಗಲೂ ಅದು 5ರಲ್ಲೇ ಇದೆ.

ಮಾವ ಪಾಸ್ ಮಾಡಿದ್ದಾರೆ ಅನ್ನುವ ಧೈರ್ಯದಲ್ಲಿ ಪ್ಯಾಚನ್ನು ಡ್ರೈವಿಗೆ ಹಾಕಿ ಲಿಂಕ್ ಬಿಟ್ಟೆ. ಯಾರು ಬೇಕಾದರೂ ಇಳಿಸಿಕೊಳ್ಳಿ, ಬದಲಿಸಿ, ದುಡ್ಡು ಬೇಡ. ಫೈಲಿನ ಹೆಸರು 'ಓಲಗ ಕೊನೆಯದು 3'. ಮೊದಲಿನ ಎರಡು ಕೊನೆಗಳ ಕತೆ ಬೇಡ.

ಮೂರನೇ ದಿನ ಉಡುಪಿ ಕಡೆಯ ಹಿರಿಯರೊಬ್ಬರ ಮೆಸೇಜ್. ನಲವತ್ತು ವರ್ಷ ಸ್ಯಾಕ್ಸೋಫೋನ್ ಊದಿದವರು. ಈಗ ಮಗ ವಿದೇಶದಿಂದ ಎಲೆಕ್ಟ್ರಾನಿಕ್ ವಾದ್ಯ ತಂದುಕೊಟ್ಟಿದ್ದಾನೆ, ನನ್ನದಲ್ಲ, ಬೇರೆ ಕಂಪನಿಯದು. "ಶಬ್ದವೇ ಇಲ್ಲ ಮಾರಾಯ್ರೆ, ಊದಿ ಊದಿ ತಲೆ ತಿರುಗಿತು."

ತಪ್ಪು ನನ್ನದೇ. ಅವರ ವಾದ್ಯ ಉಸಿರನ್ನು 11ನೇ ನಂಬರಿನಲ್ಲಿ ಕಳಿಸುವ ಹಾಗೆ ಸೆಟ್ ಆಗಿತ್ತು. ಅದು ಎಕ್ಸ್‌ಪ್ರೆಷನ್, ಅಂದರೆ ನುಡಿಸುತ್ತಲೇ ಶಬ್ದವನ್ನು ಏರಿಳಿಸುವ ನಂಬರ್. ನನ್ನ ಪ್ಯಾಚ್ 2ರ ಬಾಗಿಲಲ್ಲಿ ಕಾಯುತ್ತಾ ಕೂತಿತ್ತು. ಎರಡಕ್ಕೂ ಕಟ್ಟಿಬಿಡೋಣ ಅಂದರೆ, ಎರಡನ್ನೂ ಕಳಿಸುವ ವಾದ್ಯದಲ್ಲಿ ಉಸಿರು ದುಪ್ಪಟ್ಟಾಗುತ್ತದೆ. ಅದಕ್ಕೆ 11ರದ್ದೇ ಬೇರೆ ಫೈಲ್ ಮಾಡಿ ಕಳಿಸಿದೆ.

ಸಂಜೆ ಫೋನೇ ಬಂತು. "ಈಗ ಶಬ್ದ ಉಂಟು. ಆದರೆ ಒಂದೇ ಸಮ ಕೂಗುತ್ತದೆ. ಮೆತ್ತಗೆ ಅಂತ ಒಂದು ಇಲ್ಲವಾ ಇದಕ್ಕೆ?"

ನನಗೆ ನಂಬಿಕೆಯಾಗಲಿಲ್ಲ. ನಾನು ಊದಿದರೆ ಎಷ್ಟು ಮೆತ್ತಗೆ ಬೇಕೋ ಅಷ್ಟು ಮೆತ್ತಗೆ ಬರುತ್ತದಲ್ಲ. ಅವರು ಊದಿದ್ದನ್ನು ಮಿಡಿ ಫೈಲಾಗಿ ತರಿಸಿಕೊಂಡು ಉಸಿರಿನ ಗೆರೆ ತೆಗೆದು ನೋಡಿದೆ. ನೂರರಿಂದ ಕೆಳಗೆ ಇಳಿಯುವುದೇ ಅಪರೂಪ. ಪಲ್ಲವಿ ಪೂರ್ತಿ 110, 120, 127. ಪಕ್ಕದಲ್ಲಿ ನನ್ನದನ್ನು ಇಟ್ಟೆ. ಪಿಸುಗುಟ್ಟಿದ ಹಾಗಿತ್ತು. 40, 55, ಎಲ್ಲೋ ಒಮ್ಮೆ 70.

ರಾತ್ರಿ ಹನ್ನೊಂದು ಗಂಟೆಗೆ, ಹೆಡ್‌ಫೋನ್ ಹಾಕಿಕೊಂಡು, ಪಕ್ಕದ ಕೋಣೆಯಲ್ಲಿ ಮಗು ಮಲಗಿರುವಾಗ ಮಾಡಿದ ಪ್ಯಾಚ್ ಅದು. ಫಿಲ್ಟರ್ 70ಕ್ಕೇ ಪೂರ್ತಿ ತೆರೆದುಕೊಳ್ಳುವ ಹಾಗೆ ಇಟ್ಟಿದ್ದೆ, ಯಾಕೆಂದರೆ ಅದಕ್ಕಿಂತ ಜೋರಾಗಿ ನಾನು ಊದುತ್ತಲೇ ಇರಲಿಲ್ಲ. ಓಲಗ ಅಂತ ಹೆಸರಿಟ್ಟು ನನ್ನ ಫ್ಲಾಟಿನ ಹೆದರಿಕೆಯನ್ನು ಪ್ಯಾಕ್ ಮಾಡಿ ಹಂಚಿದ್ದೆ. ಆ ಹಿರಿಯರು ಡೋಲಿನ ಎದುರು, ಮೈಕಿಲ್ಲದೆ, ಮೆರವಣಿಗೆಯಲ್ಲಿ ನಡೆದುಕೊಂಡೇ ಊದಿದವರು. ಅವರ ಸಣ್ಣ ಉಸಿರೇ ನನ್ನ ದೊಡ್ಡ ಉಸಿರಿಗಿಂತ ದೊಡ್ಡದು.

ಸರ್ಜ್‌ನಲ್ಲಿ ಎಂಟು ಮ್ಯಾಕ್ರೋ ಗುಂಡಿಗಳಿವೆ, ಒಂದನ್ನು ತಿರುಗಿಸಿದರೆ ನಾವು ಕಟ್ಟಿದ್ದೆಲ್ಲ ಒಟ್ಟಿಗೆ ಬದಲಾಗುತ್ತದೆ, ನಮಗೆ ಬೇಕಾದ ಹೆಸರಿಡಬಹುದು. ಒಂದಕ್ಕೆ 'ದಮ್ಮು' ಅಂತ ಹೆಸರಿಟ್ಟೆ. ಅದನ್ನು ತಿರುಗಿಸಿದ ಹಾಗೆ ಫಿಲ್ಟರ್ ಶುರುವಾಗುವ ಜಾಗ ಕೆಳಗಿಳಿಯುತ್ತದೆ, ಪೂರ್ತಿ ತೆರೆಯಬೇಕಾದರೆ ಹೆಚ್ಚು ಊದಬೇಕು. ಫೈಲಿನ ಜೊತೆ ಎರಡು ಸಾಲಿನ ಚೀಟಿಯನ್ನೂ ಇಟ್ಟೆ: ಉಸಿರಿನ ನಂಬರ್ ಯಾವುದು, ಬೆಂಡ್, ಅಂದರೆ ಹೆಬ್ಬೆರಳಿನ ತಗಡಿಗೆ ಸ್ವರ ಜಾರುವುದು ಎಷ್ಟು (ನನ್ನದು ಎರಡು ಸ್ವರಸ್ಥಾನ), ದಮ್ಮು ಸೊನ್ನೆಯಲ್ಲಿದ್ದರೆ ಅದು ಮೆಲ್ಲಗೆ ಊದುವವರಿಗೆ. ಬೇರೆಯವರ ಪ್ಯಾಚ್ ಇಳಿಸಿಕೊಂಡಾಗಲೂ ಈಗ ನಾನು ಮೊದಲು ಹುಡುಕುವುದು ಇಂಥ ಚೀಟಿಯನ್ನೇ. ಹೆಚ್ಚಿನವರು ಇಡುವುದಿಲ್ಲ. 'ಸೂಪರ್ ಲೀಡ್' ಅಂತ ಹೆಸರಿರುತ್ತದೆ, ಊದಿದರೆ ಪೀ ಅನ್ನುತ್ತದೆ. ಮೊದಲೆಲ್ಲ ಮಾಡಿದವರನ್ನು ಬೈದುಕೊಂಡು ಅಳಿಸುತ್ತಿದ್ದೆ.

ಎರಡು ವಾರ ಬಿಟ್ಟು ಹಿರಿಯರಿಂದ ಒಂದು ಫೈಲ್ ಬಂತು. ಅವರೇ ತಿದ್ದಿದ್ದು, ಮೊಮ್ಮಗಳು ಮೌಸ್ ಹಿಡಿದಳಂತೆ. ತೆರೆದು ನೋಡಿದೆ. ದಮ್ಮು ಗುಂಡಿ ಕೊನೆಗೆ ಹೋಗಿತ್ತು. ಅದೂ ಸಾಲದೆ ಫಿಲ್ಟರನ್ನು ಇನ್ನಷ್ಟು ಇಳಿಸಿದ್ದರು. ಹಿಸ್ ಪೂರ್ತಿ ತೆಗೆದಿದ್ದರು. "ನಮ್ಮಲ್ಲಿ ಗಾಳಿ ಸೋರಿದರೆ ರೀಡ್ ಬದಲಿಸುವುದು" ಅಂತ ಕೆಳಗೆ ಬರೆದಿದ್ದರು. ನನ್ನ 5 ಸೆಂಟನ್ನು ಮಾತ್ರ ಹಾಗೇ ಬಿಟ್ಟಿದ್ದರು. ಮಾವನಿಗೆ ಹೇಳಿದೆ, ಫೋನಿನಲ್ಲೇ ನಕ್ಕರು.

ಭಾನುವಾರ ಬೆಳಗ್ಗೆ ಅದನ್ನು ಊದಲು ಕೂತೆ. ನನ್ನ ಮಾಮೂಲಿ ಉಸಿರಿಗೆ ಅದು ಹೊದಿಕೆ ಒಳಗಿನಿಂದ ಮಾತಾಡಿದ ಹಾಗೆ ಗೊಣಗಿತು. ನೆಟ್ಟಗೆ ಕೂತು, ಹೊಟ್ಟೆಯಿಂದ ದಮ್ಮು ಕಟ್ಟಿ ಊದಿದೆ. ಆಗ ಎದ್ದಿತು ನೋಡಿ, ಕಿವಿಯೊಳಗೆ ರಥಬೀದಿ. ಪಲ್ಲವಿಯ ಮೂರನೇ ಆವರ್ತಕ್ಕೆ ಎದೆ ಖಾಲಿ, ಕಣ್ಣ ಮುಂದೆ ಚುಕ್ಕಿ. ಹೆಡ್‌ಫೋನ್ ತೆಗೆದರೆ ಬಾಗಿಲಲ್ಲಿ ಹೆಂಡತಿ. ಅಷ್ಟು ಹೊತ್ತೂ ಅವಳಿಗೆ ಕೇಳಿದ್ದು ನಾನು ಬುಸುಗುಟ್ಟಿದ್ದು ಮಾತ್ರ.

"ಯಾರ ಹುಟ್ಟುಹಬ್ಬಕ್ಕೆ ಬಲೂನ್ ಊದ್ತಾ ಇದ್ದೀರಿ?" ಅಂದಳು.