ಪಡಸಾಲೆಯ ಖಾಲಿ ಗೋಡೆಗೆ ಏನು ಹಾಕಿಸಬೇಕು?

ಧಾರವಾಡದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ ನನ್ನದು. ಹೊಸ ಮನೆ ಕಟ್ಟಿಸಿದವರು ವಾಸ್ತುಶಾಂತಿ ಮುಗಿದ ಮರುವಾರವೇ ಬಂದು ನಿಲ್ಲುತ್ತಾರೆ. "ಪಡಸಾಲಿ ದೊಡ್ಡ ಗ್ವಾಡಿ ಭಾಳ ಖಾಲಿ ಕಾಣತೈತ್ರಿ, ಅಲ್ಲಿ ಏನ್ ಹಾಕಸೋಣ್ರಿ?" ಎಂದು ಮೊಬೈಲಿನಲ್ಲಿ ಆ ಗೋಡೆಯ ಚಿತ್ರವನ್ನು ತೋರಿಸುತ್ತಾರೆ. ಏಳು ಕುದುರೆಗಳು ಓಡುವ ಪಟವೊಂದನ್ನು ಅಷ್ಟರೊಳಗೆ ಯಾರೋ ಅವರ ತಲೆಯಲ್ಲಿ ತುಂಬಿರುತ್ತಾರೆ. ನನ್ನ ಉತ್ತರ ವ್ಯಾಪಾರಕ್ಕೆ ಒಗ್ಗುವಂಥದ್ದಲ್ಲ: ಒಂದು ಮಳೆಗಾಲ ಕಳೆಯುವವರೆಗೆ ಏನನ್ನೂ ಹಾಕಿಸಬೇಡಿ, ಆಮೇಲೆ ಹಾಕಿಸುವುದಾದರೆ ಅಂಗಡಿಯಲ್ಲಿ ಹುಡುಕುವ ಮೊದಲು ನಿಮ್ಮ ಮನೆಯ ಟ್ರಂಕು ತೆರೆಯಿರಿ.

ಮಳೆಗಾಲದ ಮಾತನ್ನು ಮೊದಲು ಹೇಳುತ್ತೇನೆ. ನಮ್ಮ ಕಡೆ ಮುಂಗಾರು ಪಡುವಣ ಗಾಳಿಯ ಜೊತೆ ಬರುವುದರಿಂದ ಪಶ್ಚಿಮದ ಗೋಡೆ ಉಳಿದವುಗಳಿಗಿಂತ ಹೆಚ್ಚು ನೆನೆಯುತ್ತದೆ, ಸಣ್ಣ ಸೀಳಿದ್ದರೂ ತೇವ ಒಳಗೆ ಇಳಿಯುತ್ತದೆ. ನವಲಗುಂದ, ಗದಗಿನ ಎರೆ ಭೂಮಿಯ ಮನೆಗಳದು ಇನ್ನೊಂದು ಕಥೆ: ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅಡಿಪಾಯ ಅಲುಗಿ ಗೋಡೆ ಬಿರುಕು ಬಿಡುತ್ತದೆ, ಬಿರುಕಿನ ಹತ್ತಿರ ಹೊಡೆದ ಮೊಳೆ ಎರಡನೆಯ ವರ್ಷಕ್ಕೇ ಸಡಿಲಾಗುತ್ತದೆ. ಗೋಡೆಯಲ್ಲಿ ತೇವ ಇದೆಯೇ ಎಂದು ತಿಳಿಯಲು ಒಂದು ಚದರ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಗೋಡೆಯ ಕಡೆಯ ಮುಖದಲ್ಲಿ ನೀರಿನ ಹನಿ ಕೂಡಿದ್ದರೆ ತೇವ ಗೋಡೆಯೊಳಗಿನದು; ಅಲ್ಲಿಗೆ ಬೇಕಾದವನು ಗೌಂಡಿ, ನಾನಲ್ಲ. ಸುಣ್ಣ ಉದುರಿದ ಜಾಗವನ್ನು ಮುಚ್ಚಲೆಂದೇ ದೊಡ್ಡ ಪಟ ಕೇಳುವವರೂ ಇದ್ದಾರೆ. ಅಂಥ ಪಟದ ಹಿಂದೆ ಬೂಷ್ಟು ಬೆಳೆಯಲು ಒಂದೇ ಆಷಾಢ ಸಾಕು.

ಈ ಪಾಠವನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ತಾಯಿಯ ಇಳಕಲ್ ಸೀರೆಯ, ಕೆಂಪು ಬಿಳಿ ವಿನ್ಯಾಸದ ಟೋಪ ತೆನೆ ಸೆರಗನ್ನು, ಅಂಗಡಿ ಹಾಕಿದ ಹೊಸತರಲ್ಲಿ, ಗಾಜಿಗೆ ಒತ್ತಿ ಕೂರುವಂತೆ ಕಟ್ಟು ಹಾಕಿ ಪಶ್ಚಿಮದ ಗೋಡೆಗೇ ತೂಗುಹಾಕಿದ್ದೆ. ಮೂರು ವರ್ಷದಲ್ಲಿ ಗಾಜಿಗೆ ತಾಗಿದಲ್ಲೆಲ್ಲ ಕಂದು ಚುಕ್ಕೆಗಳು ಎದ್ದವು, ಕಿಟಕಿಯ ಸಂಜೆಬಿಸಿಲು ಬೀಳುತ್ತಿದ್ದ ಅರ್ಧ ಭಾಗದ ಕೆಂಪು ಮಾಸಿತು. ಈಗ ಯಾವ ಬಟ್ಟೆಗೇ ಆಗಲಿ, ಗಾಜಿಗೂ ಬಟ್ಟೆಗೂ ನಡುವೆ ಕಾಲು ಇಂಚಿನ ಅಂತರ ಉಳಿಯುವಂತೆ ರಟ್ಟಿನ ಪಟ್ಟಿ ಕೂರಿಸುತ್ತೇನೆ. ಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಎರಡು ರಬ್ಬರ್ ತುಂಡು ಅಂಟಿಸಿ ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುವಂತೆ ಮಾಡುತ್ತೇನೆ.

ಟ್ರಂಕಿನಲ್ಲಿ ಏನು ಸಿಗುತ್ತದೆ ಎಂದು ಕೇಳಬಹುದು. ಧಾರವಾಡ ಸೀಮೆಯ ಹಳೆಯ ಮನೆಗಳಲ್ಲಿ ಒಂದಾದರೂ ಕಸೂತಿಯ ಸೀರೆ ಅಥವಾ ಕುಪ್ಪಸ ಸಿಗುವ ಸಂಭವ ಹೆಚ್ಚು. ಮದುವಣಗಿತ್ತಿಯ ಕರಿ ಚಂದ್ರಕಾಳಿ ಸೀರೆ ಸಿಕ್ಕರಂತೂ ಅದೃಷ್ಟ. ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಮೂಡಿಸುವ ಕೆಲಸ ಅದು. ಗಾವಂತಿ ಮತ್ತು ಮುರಗಿ ಹೊಲಿಗೆಗಳಲ್ಲಿ ಗಂಟು ಇರುವುದಿಲ್ಲ, ಬಟ್ಟೆಯ ಎರಡೂ ಬದಿಗಳು ಒಂದೇ ತೆರನಾಗಿ ಕಾಣುತ್ತವೆ. ಅದನ್ನು ಹಲಗೆಗೆ ಒತ್ತಿ ಕಟ್ಟು ಹಾಕಿದರೆ ಹೊಲಿದವಳ ಅರ್ಧ ಜಾಣ್ಮೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಂತಾಗುತ್ತದೆ. ಆದ್ದರಿಂದ ಎರಡೂ ಕಡೆ ಗಾಜು ಹಾಕಿ, ಪಡಸಾಲೆಗೂ ಊಟದ ಕೋಣೆಗೂ ನಡುವೆ ಬಾಗಿಲಿಲ್ಲದೆ ಬಿಟ್ಟಿರುವ ತೆರಪಿನ ಮೇಲ್ಭಾಗದಲ್ಲಿ ಅದನ್ನು ತೂಗಿಸಲು ಹೇಳುತ್ತೇನೆ. ಗೋಡೆಯನ್ನು ಮಾತ್ರ ಖಾಲಿ ಎಂದು ನೋಡುವವರಿಗೆ ಈ ಜಾಗ ಕಣ್ಣಿಗೇ ಬಿದ್ದಿರುವುದಿಲ್ಲ. ಒಳ್ಳೆಯ ಸೀರೆಯನ್ನು ಇದಕ್ಕಾಗಿ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಹರಿದು ಉಳಿದ ಸೆರಗು, ತೋಳು ಸವೆದ ಕುಪ್ಪಸ ಇಂಥವಕ್ಕೆ ಮಾತ್ರ ಕತ್ತರಿ.

ನಿಜವಾಗಿಯೂ ಎಂಟು ಹತ್ತು ಅಡಿಯ ಗೋಡೆ ಇದ್ದರೆ ಸಣ್ಣ ಪಟಗಳನ್ನು ಚೆಲ್ಲುವುದಕ್ಕಿಂತ ನವಲಗುಂದದ ಜಮಖಾನೆ ಒಂದೇ ಸಾಕು. ನವಲಗುಂದದ ಹೆಣ್ಣುಮಕ್ಕಳು ನೆಟ್ಟನೆಯ ಮಗ್ಗದಲ್ಲಿ ಹತ್ತಿಯಿಂದ ನೇಯುವ ಇದರ ನವಿಲು, ಪಗಡೆಯ ಹಾಸುಗಳು ದೂರದಿಂದಲೇ ಎದ್ದು ಕಾಣುತ್ತವೆ, ಬರಿಯ ಗೋಡೆಯಿಂದ ಹುಟ್ಟುವ ಪ್ರತಿಧ್ವನಿಯೂ ತಗ್ಗುತ್ತದೆ. ನಾಲ್ಕು ಮೂಲೆಗೆ ಮೊಳೆ ಹೊಡೆದರೆ ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ. ಮೇಲಂಚಿನ ಹಿಂದೆ ಉದ್ದಕ್ಕೂ ಬಟ್ಟೆಯ ಪಟ್ಟಿ ಹೊಲಿಸಿ, ಅದರಲ್ಲಿ ಕಟ್ಟಿಗೆಯ ದಂಡ ತೂರಿಸಿ ತೂಗಬೇಕು. ಮಳೆಗಾಲದಲ್ಲಿ ಇಳಿಸಿ ಸುತ್ತಿಡಿ, ಮಡಚಬೇಡಿ.

ಎತ್ತರದ ಬಗ್ಗೆಯೂ ಕೇಳುತ್ತಾರೆ. ಪಟದ ನಡುಭಾಗ ನೆಲದಿಂದ 57ರಿಂದ 60 ಇಂಚು ಇರಬೇಕೆಂಬುದು ನಿಂತು ನೋಡುವವರ ಲೆಕ್ಕ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು, ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದ ನಮ್ಮ ಊರುಗಳ ಪಡಸಾಲೆಗಳಿಗೂ ಬಂದವು. ಹಳೆಯ ಮನೆಗಳಲ್ಲಿ ಅಂಥ ಪಟಗಳನ್ನು ತೊಲೆಯ ಹತ್ತಿರ, ಮುಂದಕ್ಕೆ ಬಾಗಿಸಿ ತೂಗಿರುತ್ತಿದ್ದರು. ನೆಲದ ಮೇಲೆ ಕುಳಿತು ತಲೆ ಎತ್ತಿದವರಿಗೆ ದೇವಿ ನೇರ ಕಾಣುತ್ತಿದ್ದಳು, ಪಟದ ಹಿಂದೆ ಗಾಳಿಯೂ ಆಡುತ್ತಿತ್ತು. ಈಗ ಸೋಫಾದಲ್ಲಿ ಕೂರುವ ಮನೆಗೆ, ಸೋಫಾದ ಬೆನ್ನಿನಿಂದ ಆರೇಳು ಇಂಚು ಮೇಲೆ ಪಟದ ಕೆಳಗಿನ ಅಂಚು ಬಂದರೆ ಸಾಕು. ಏಳು ಕುದುರೆಗಳ ದಿಕ್ಕಿನ ವಿಚಾರವನ್ನು ನಾನು ಅವರವರ ಜೋಯಿಸರಿಗೆ ಬಿಡುತ್ತೇನೆ.

ಇನ್ನೂ ಗೋಡೆ ಏಳದವರು ಬಂದು ಕೇಳುವುದು ಅಪರೂಪ. ಹಾಗೆ ಕೇಳಿದರೆ ಪಟದ ಮಾತನ್ನೇ ಎತ್ತುವುದಿಲ್ಲ, ಗೋಡೆಯೊಳಗೇ ಒಂದು ಮಾಡ, ಅಂದರೆ ಗೂಡು, ಬಿಡಿಸಿ ಎನ್ನುತ್ತೇನೆ. ಮೊಳದಷ್ಟು ದಪ್ಪದ ಹಳೆಯ ಮಣ್ಣಿನ ಗೋಡೆಗಳಲ್ಲಿ ದೀಪಕ್ಕೆ, ಪುಸ್ತಕಕ್ಕೆ, ಎಲೆ ಅಡಿಕೆಯ ಚೀಲಕ್ಕೆ ಒಂದೊಂದು ಮಾಡ ಇರುತ್ತಿತ್ತು, ಸುತ್ತ ಹುರಮಂಜಿನ, ಅಂದರೆ ಕೆಮ್ಮಣ್ಣಿನ, ಅಂಚು ಬಳಿದಿರುತ್ತಿದ್ದರು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ ಈಗಲೂ ನಾಲ್ಕೂವರೆ ಇಂಚು ಆಳದ ಮಾಡ ತೆಗೆಯಬಹುದು. ನಾಲ್ಕೂವರೆ ಇಂಚಿನ ಅಡ್ಡಗೋಡೆಯಲ್ಲಿ ಮಾತ್ರ ಆಗದು. ಕಾರಹುಣ್ಣಿಮೆ ಕಳೆದು ಅಮಾವಾಸ್ಯೆ ಬಂದಾಗ ಅಲ್ಲಿ ಮಣ್ಣೆತ್ತು ಕೂರುತ್ತವೆ, ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವ ದೇವಿ ಬರುತ್ತಾಳೆ, ಭಾದ್ರಪದಕ್ಕೆ ಗಣಪ. ಉಳಿದ ದಿನಗಳಲ್ಲಿ ಅದು ಖಾಲಿಯೇ ಇರಲಿ, ತೊಂದರೆಯಿಲ್ಲ.