ಅಮ್ಮನ 14 ದಿನದ ಮಾತ್ರೆ

"ಕ್ಯಾನ್ಸರ್‌ಗೆ ಆ್ಯಂಟಿಬಯೋಟಿಕ್ಕಾ?" ಅಂತ ಡಾಕ್ಟರನ್ನು ಎರಡು ಸಲ ಕೇಳಿದೆ. ಅಮ್ಮನಿಗೆ ಆಗ 79 ವರ್ಷ. ಬಯಾಪ್ಸಿಯಲ್ಲಿ ಹೊಟ್ಟೆಯ ಮಾಲ್ಟ್ ಲಿಂಫೋಮಾ, ಅಂದರೆ ದೇಹದ ರಕ್ಷಣಾ ಕಣಗಳ ಒಂದು ಬಗೆಯ ಕ್ಯಾನ್ಸರ್, ಅಂತ ಬಂದಿತ್ತು. ಜೊತೆಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕು. ಕೀಮೋ ತಡೆದುಕೊಳ್ಳುತ್ತಾಳಾ ಅನ್ನುವ ಭಯದಲ್ಲೇ ನಾನು ಹೋಗಿದ್ದೆ.

ಈ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದಂತೆ. ಅದರ ಜೊತೆ ಹೋರಾಡಲು ಬಂದ ರಕ್ಷಣಾ ಕಣಗಳು ಅಲ್ಲೇ ಬೀಡುಬಿಟ್ಟು, ಕೊನೆಗೆ ಅವೇ ಗೆಡ್ಡೆಯಾಗುತ್ತವೆ. ಶುರುವಿನ ಹಂತದಲ್ಲಿ ಅವು ಬೆಳೆಯುವುದೇ ಬ್ಯಾಕ್ಟೀರಿಯಾದ ಕುಮ್ಮಕ್ಕಿನಿಂದ. ಅದನ್ನು ಓಡಿಸಿದರೆ ಬಹಳ ಜನರಲ್ಲಿ ಗೆಡ್ಡೆಯೂ ಕರಗುತ್ತದೆ. 1993ರಲ್ಲಿ ಲಂಡನ್ನಿನ ವೈದ್ಯರು ಇದನ್ನು ಮೊದಲು ತೋರಿಸಿದಾಗ ನೋಡಿದ್ದು ಬರೀ 6 ರೋಗಿಗಳನ್ನು, ಅವರಲ್ಲಿ 5 ಜನರಿಗೆ ಗೆಡ್ಡೆ ಮಾಯವಾಗಿತ್ತು. ಗೆಡ್ಡೆಯ ಕಣಗಳಲ್ಲಿ 11 ಮತ್ತು 18ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿದ್ದರೆ ಮಾತ್ರ ಮಾತ್ರೆಗೆ ಬಗ್ಗುವುದು ಕಡಿಮೆ. ಅಮ್ಮನಿಗೆ ಅದಿರಲಿಲ್ಲ.

ಕ್ಲಾರಿಥ್ರೊಮೈಸಿನ್, ಅಮಾಕ್ಸಿಸಿಲಿನ್, ಆಸಿಡ್ ತಗ್ಗಿಸುವ ಮಾತ್ರೆ. ದಿನಕ್ಕೆ ಎರಡು ಹೊತ್ತು, 14 ದಿನ. ಕೇಳಲು ಸುಲಭ, ಅಲ್ವಾ? ವಯಸ್ಸಾದವರ ಮಾತ್ರೆ ಡಬ್ಬಿ ಮೊದಲೇ ತುಂಬಿರುತ್ತದೆ. ಡಾಕ್ಟರ್ ಒಂದೊಂದೇ ಪಟ್ಟಿ ತಿರುಗಿಸಿ ನೋಡಿ, ಅಮ್ಮನ ಕೊಲೆಸ್ಟರಾಲ್ ಮಾತ್ರೆಯನ್ನು ಆ 14 ದಿನ ನಿಲ್ಲಿಸಿದರು. ಅದೂ ಕ್ಲಾರಿಥ್ರೊಮೈಸಿನ್ನೂ ಸೇರಿದರೆ ಸ್ನಾಯುಗಳಿಗೆ ಪೆಟ್ಟು ಬೀಳಬಹುದಂತೆ. ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಇಡೀ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ.

ನಾಲ್ಕನೇ ದಿನದಿಂದ ಬಾಯೆಲ್ಲ ಕಹಿ. "ಕಬ್ಬಿಣ ನೆಕ್ಕಿದ ಹಾಗಿದೆ ಕಣೋ" ಅಂದಳು. ಭೇದಿ ಬೇರೆ. ಒಂಬತ್ತನೇ ದಿನ ಸಂಜೆ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮ್ನೆ ನೋಡುತ್ತಾ ಕೂತಳು. ಡಾಕ್ಟರಿಗೆ ಫೋನ್ ಮಾಡಿದೆ. ಸುಸ್ತಾಗದ ಹಾಗೆ ನೀರು ಕುಡಿಸುತ್ತಾ ಕೋರ್ಸ್ ಮುಗಿಸಿ ಅಂದರು. ನುಂಗಿದಳು. ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಒಂದು ಗೀಟು ಎಳೆದಳು.

ಆರು ವಾರದ ಮೇಲೆ ಉಸಿರಿನ ಪರೀಕ್ಷೆ. ಅದಕ್ಕೆ ಎರಡು ವಾರ ಮುಂಚೆ ಆಸಿಡ್ ಮಾತ್ರೆ ಬಿಡಬೇಕು, ಇಲ್ಲದಿದ್ದರೆ ಸೋಂಕಿದ್ದರೂ ಇಲ್ಲ ಅಂತ ತೋರಿಸಬಹುದು. ಬ್ಯಾಕ್ಟೀರಿಯಾ ಹೋಗಿತ್ತು. ಆದರೆ ಮೂರು ತಿಂಗಳ ಎಂಡೋಸ್ಕೋಪಿಯಲ್ಲಿ ಲಿಂಫೋಮಾ ಕಣಗಳು ಇನ್ನೂ ಇದ್ದವು. ನನ್ನ ಕೈಕಾಲೇ ಆಡಲಿಲ್ಲ. ಡಾಕ್ಟರ್ ಮಾತ್ರ ಅವಸರ ಮಾಡಲಿಲ್ಲ. ಕರಗಲು ವರ್ಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಬೆಳೆಯುತ್ತಿಲ್ಲವಲ್ಲ, ಕಾಯೋಣ ಅಂದರು. ಆ ಕಾಯುವಿಕೆ 14 ದಿನಕ್ಕಿಂತ ಕಷ್ಟವಾಗಿತ್ತು.

13ನೇ ತಿಂಗಳ ಬಯಾಪ್ಸಿಯಲ್ಲಿ ಏನೂ ಸಿಗಲಿಲ್ಲ. ಮತ್ತೆ ಬರಬಹುದಾದ್ದರಿಂದ ತಪಾಸಣೆ ನಿಲ್ಲಿಸುವಂತಿಲ್ಲ. ಎಂಡೋಸ್ಕೋಪಿಯ ಆ ನಳಿಕೆ ಅಂದರೆ ಅಮ್ಮನಿಗೆ ಆಗುವುದಿಲ್ಲ. ಆದರೂ ಮುಂದಿನ ತಾರೀಖಿನ ಸುತ್ತ ಅದೇ ಪೆನ್ಸಿಲ್ಲಿನಲ್ಲಿ ಅವಳೇ ಗುಂಡಗೆ ಗುರುತು ಹಾಕಿದ್ದಾಳೆ.